ದಾನಿಯ ಷರತ್ತು, ಮಗುವಿನ ಪಾಠ: ಪಂಡಿತಾ ರಮಾಬಾಯಿಯವರ ಸಂಸ್ಥೆಗಳಲ್ಲಿ ಪೋಷಣೆ ಮತ್ತು ಕ್ರೈಸ್ತ ಶಿಕ್ಷಣ

ಹಣ ಕೊಟ್ಟವರು ಕ್ರೈಸ್ತರಾದರೆ ಅನಾಥ ಮಕ್ಕಳಿಗೆ ಸಿಗುವ ಪಾಠವೂ ಕ್ರೈಸ್ತವೇ ಆಗಿರುತ್ತದೆ ಎಂಬುದು ವಸಾಹತು ಕಾಲದ ಶಾಲೆಗಳನ್ನು ಕುರಿತ ಚರ್ಚೆಯಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ಪಂಡಿತಾ ರಮಾಬಾಯಿಯವರ ಎರಡು ಸಂಸ್ಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಅಮೆರಿಕದ ಕ್ರೈಸ್ತರು ಲಿಖಿತ ವಾಗ್ದಾನ ಕೊಟ್ಟು ಹಣ ಒದಗಿಸಿದ ಶಾಲೆಯಲ್ಲಿ ಮತಬೋಧನೆಗೆ ನಿರ್ಬಂಧವಿತ್ತು. ಯಾರ ವಾಗ್ದಾನವೂ ಇಲ್ಲದೆ ಬೆಳೆದ ಇನ್ನೊಂದರಲ್ಲಿ ಕ್ರೈಸ್ತ ಶಿಕ್ಷಣ ಮುಕ್ತವಾಗಿ ನಡೆಯಿತು. ಈ ತಿರುವುಮುರುವಿಗೆ ಕಾರಣ ಹುಡುಕುವುದು ಈ ಲೇಖನದ ಉದ್ದೇಶ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದವರು. ಮಗಳಿಗೆ ಭಾಗವತ ಬಾಯಿಪಾಠವಾಗಿದ್ದು ತಾಯಿಯ ಬಳಿ. ಪುರಾಣ ಓದುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತಿದ್ದ ಈ ಕುಟುಂಬವನ್ನು 1870ರ ದಶಕದ ಬರ ಮುರಿಯಿತು. ಹದಿನಾರರ ಹೊತ್ತಿಗೆ ರಮಾಬಾಯಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡರು. ಕೂಲಿ ಮಾಡಲು ಕುಲದ ಹೆಮ್ಮೆ ಬಿಡಲಿಲ್ಲ, ಹೊಟ್ಟೆ ಹೊರೆಯುವ ಕಸುಬೊಂದೂ ಗೊತ್ತಿರಲಿಲ್ಲ ಎಂದು ಅವರು ಮುಂದೆ ಬರೆದುಕೊಂಡಿದ್ದಾರೆ. ಅವರು ಆಮೇಲೆ ಕಟ್ಟಿದ ಶಾಲೆಗಳ ಸ್ವರೂಪಕ್ಕೆ ಈ ನೆನಪು ಕಾರಣವಾದಷ್ಟು ಬೇರಾವ ಶಿಕ್ಷಣ ಸಿದ್ಧಾಂತವೂ ಕಾರಣವಾಗಲಿಲ್ಲ ಎಂದು ನನ್ನ ಗ್ರಹಿಕೆ.

1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದ ರಮಾಬಾಯಿ 1886ರಲ್ಲಿ ಅಮೆರಿಕಕ್ಕೆ ಹೋದರು. 1887ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘ ಹುಟ್ಟಿತು. ಊರೂರಿನಲ್ಲಿ ‘ರಮಾಬಾಯಿ ವೃತ್ತ’ಗಳು ಏರ್ಪಟ್ಟು, ಹತ್ತು ವರ್ಷ ವಿಧವೆಯರ ಶಾಲೆಯೊಂದನ್ನು ನಡೆಸಲು ಸದಸ್ಯರು ವಾಗ್ದಾನ ಕೊಟ್ಟರು. ಈ ಸಂಘದಲ್ಲಿ ಬೇರೆ ಬೇರೆ ಕ್ರೈಸ್ತ ಪಂಗಡಗಳವರಿದ್ದರು; ಒಬ್ಬರ ಉಪದೇಶ ಇನ್ನೊಬ್ಬರಿಗೆ ಒಗ್ಗುವಂತಿರಲಿಲ್ಲ. ಉಚ್ಚಜಾತಿಯ ಮನೆಗಳವರು ಹೆಣ್ಣುಮಕ್ಕಳನ್ನು ಕಳಿಸಬೇಕಾದರೂ ಶಾಲೆ ಯಾವ ಮತದ್ದೂ ಆಗಿರಕೂಡದಿತ್ತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ತೆರೆದ, ಮರುವರ್ಷ ಪುಣೆಗೆ ಬಂದ ಶಾರದಾ ಸದನಕ್ಕೆ ಆ ಷರತ್ತು ಅಂಟಿಕೊಂಡಿದ್ದು ಹೀಗೆ. ಹುಡುಗಿಯರು ತಮ್ಮ ಜಾತಿಯ ಆಚಾರವನ್ನು ಅಲ್ಲಿ ಪಾಲಿಸಬಹುದಿತ್ತು.

ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ಒಳಗೆ ಬಂದು ಕೂರತೊಡಗಿದರು. 1893ರಲ್ಲಿ ಸಮಾಜ ಸುಧಾರಕರಾದ ರಾನಡೆ, ಭಂಡಾರ್ಕರ್ ಮೊದಲಾದವರು ಸದನದ ಸಲಹಾ ಮಂಡಳಿಯಿಂದ ಹೊರಬಂದರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಕರೆದೊಯ್ದರು. ಷರತ್ತಿನ ಅಕ್ಷರ ಮುರಿದಿರಲಿಲ್ಲ ಎಂದೇ ನನಗೆ ತೋರುತ್ತದೆ. ಆದರೂ ಅನ್ನ, ಅಕ್ಷರ ಎರಡನ್ನೂ ಕೊಡುವ ಕೈಯ ಪ್ರಭಾವ ಎಂಥದೆಂಬುದನ್ನು ರಾನಡೆಯವರಂಥವರು ಸರಿಯಾಗಿಯೇ ಗುರುತಿಸಿದ್ದರು. ಬಾಗಿಲು ತೆರೆದಿದ್ದರೆ ಸಾಕು. ತನ್ನನ್ನು ಸಾಕಿದ ತಾಯಿಯ ಹತ್ತಿರ ಹೋಗಿ ಕೂರಲು ಮಗುವಿಗೆ ಬೇರೆ ಕರೆ ಬೇಕಿಲ್ಲ.

1896ರ ಬರದಲ್ಲಿ ಮಧ್ಯ ಪ್ರಾಂತ್ಯಕ್ಕೆ ಹೋದ ರಮಾಬಾಯಿ ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಸಮೀಪದ ಕೇಡಗಾಂವಿನಲ್ಲಿ ಅವರು ಕೊಂಡಿದ್ದ ಜಮೀನಿನಲ್ಲಿ ಮುಕ್ತಿ ಸದನ ತಲೆಯೆತ್ತಿತು. 1900ರ ಗುಜರಾತ್ ಬರದ ನಂತರ ಅಲ್ಲಿದ್ದವರ ಸಂಖ್ಯೆ ಸಾವಿರ ದಾಟಿತು. ಇಷ್ಟರಲ್ಲಿ ಬಾಸ್ಟನ್ನಿನ ಹತ್ತು ವರ್ಷದ ವಾಗ್ದಾನ ಮುಗಿದಿತ್ತು. ಬ್ರಿಸ್ಟಲ್ಲಿನ ಅನಾಥಾಲಯವನ್ನು ಯಾರನ್ನೂ ಬೇಡದೆ ಪ್ರಾರ್ಥನೆಯ ಬಲದಿಂದಲೇ ನಡೆಸಿದ ಜಾರ್ಜ್ ಮುಲ್ಲರ್ ಅವರ ಜೀವನಕಥೆಯನ್ನು ರಮಾಬಾಯಿ ಓದಿದ್ದರು. ಮುಕ್ತಿಯ ಖರ್ಚಿಗೂ ಅದೇ ದಾರಿ ಹಿಡಿದರು. ವಾಗ್ದಾನ ಕೊಟ್ಟ ದಾನಿಯೇ ಇಲ್ಲವೆಂದ ಮೇಲೆ ಷರತ್ತೂ ಇರಲಿಲ್ಲ. ಇಲ್ಲಿ ಬೈಬಲ್ ಪಾಠವೂ ಪ್ರಾರ್ಥನೆಯೂ ದಿನಚರಿಯಾದವು. ಜೊತೆಗೆ ನೇಯ್ಗೆ, ಎಣ್ಣೆ ಗಾಣ, ಹೈನುಗಾರಿಕೆ, ಅಚ್ಚುಕೂಟ. ಕಸುಬು ಗೊತ್ತಿಲ್ಲದೆ ಹಸಿದಿದ್ದ ಹುಡುಗಿ ತನ್ನ ಮಕ್ಕಳಿಗೆ ಆ ಗತಿ ಬರಗೊಡಲಿಲ್ಲ. ರಮಾಬಾಯಿಯೇ ಸರಳ ಮರಾಠಿಗೆ ತಂದ ಬೈಬಲನ್ನು ಅಚ್ಚುಮೊಳೆ ಜೋಡಿಸಿ ಮುದ್ರಿಸಿದ್ದೂ ಆ ಹೆಣ್ಣುಮಕ್ಕಳೇ.

ಶಾರದಾ ಸದನದ ಹುಡುಗಿಯರನ್ನು ಕರೆದೊಯ್ಯಲು ಮನೆಯವರಿದ್ದರು. ಮುಕ್ತಿಗೆ ಬಂದವರಲ್ಲಿ ಎಷ್ಟೋ ಮಂದಿಗೆ ಹಿಂದಿರುಗಲು ಮನೆಯೇ ಉಳಿದಿರಲಿಲ್ಲ. ದಾನಿಯ ಷರತ್ತು ಸಡಿಲವಾದದ್ದೂ ಪ್ರಶ್ನಿಸುವ ಪಾಲಕರು ಇಲ್ಲವಾದದ್ದೂ ಹೀಗೆ ಒಂದೇ ಕಾಲದಲ್ಲಿ ಕೂಡಿಬಂದವು. ಪಾಠ ಬದಲಾದದ್ದಕ್ಕೆ ರಮಾಬಾಯಿಯವರ ನಂಬಿಕೆ ಗಾಢವಾದದ್ದು ಒಂದು ಕಾರಣ, ನಿಜ. ಅದೊಂದನ್ನೇ ಹೇಳಿ ನಿಲ್ಲಿಸಿದರೆ ಬರ ಮಾಡಿದ ಕೆಲಸವನ್ನು ಮರೆತಂತೆ. ಆ ಮಕ್ಕಳ ಜೀವ ಉಳಿಸಿದ್ದು ಮುಕ್ತಿ ಎಂಬುದನ್ನು ಮಾತ್ರ ಯಾವ ವಿಮರ್ಶೆಯೂ ಅಳಿಸಲಾರದು.

ರಮಾಬಾಯಿಯವರ ಮಗಳು ಮನೋರಮಾ ಅವರ ನೆರವಿನಿಂದ 1912ರಲ್ಲಿ ಆಗಿನ ನಿಜಾಮರ ಸೀಮೆಯ ಗುಲಬರ್ಗಾದಲ್ಲಿ ಹೆಣ್ಣುಮಕ್ಕಳ ಕ್ರೈಸ್ತ ಶಾಲೆಯೊಂದು ಆರಂಭವಾಯಿತು. ಘಟ್ಟದ ಕಾಡಿನಿಂದ ಹೊರಟ ಪಯಣ ಹೀಗೆ ಕನ್ನಡ ನೆಲಕ್ಕೆ ಮರಳಿತು.

ಪಾಲಕರಿಲ್ಲದ ಮಗುವಿನ ಪರವಾಗಿ ಒಪ್ಪುವವರು ಯಾರು ಎಂಬ ಪ್ರಶ್ನೆ ಇಂದಿಗೂ ಉಳಿದಿದೆ. ಭಾರತದ ಸಂವಿಧಾನದ 28(3)ನೇ ವಿಧಿಯ ಪ್ರಕಾರ ಸರ್ಕಾರದ ಮಾನ್ಯತೆಯನ್ನೋ ನೆರವನ್ನೋ ಪಡೆದ ಶಾಲೆಯಲ್ಲಿ ಅಪ್ರಾಪ್ತ ಮಗು ಮತಬೋಧೆಗೆ ಹಾಜರಾಗಲೇಬೇಕೆನ್ನಲು ಅದರ ಪೋಷಕರ ಒಪ್ಪಿಗೆ ಬೇಕು. ಅನಾಥಾಲಯದ ಮಗುವಿನ ವಿಷಯದಲ್ಲಿ ಪಾಠ ಹೇಳುವವರೂ ಒಪ್ಪಿಗೆ ಕೊಡುವವರೂ ಒಬ್ಬರೇ ಆಗಿಬಿಡುವ ಅಪಾಯವಿದೆ. 2015ರ ಬಾಲನ್ಯಾಯ ಕಾಯ್ದೆ ಪ್ರಾಯೋಜಕತ್ವವೆಂದರೆ ಕುಟುಂಬಕ್ಕೆ ಕೊಡುವ ಪೂರಕ ನೆರವು ಎಂದು ಅರ್ಥ ಹೇಳುತ್ತದೆ. ಬಂಧುಗಳ ಮನೆಯಲ್ಲಿರುವ ಅನಾಥ ಮಗುವನ್ನೂ 45ನೇ ಪ್ರಕರಣದಲ್ಲಿ ಹೆಸರಿಸುತ್ತದೆ. ಈ ಏರ್ಪಾಡಿನಲ್ಲಿ ಹಣ ಎಲ್ಲಿಂದ ಬಂದರೂ ಮಗು ಅಜ್ಜಿಯ ಮನೆಯಲ್ಲೇ ಇರುತ್ತದೆ. ಮೊಮ್ಮಗಳು ಯಾವ ಪ್ರಾರ್ಥನೆಗೆ ಕೂರಬೇಕೆಂದು ಶಾಲೆಯವರು ಕೇಳಬೇಕಾದದ್ದು ಆ ಅಜ್ಜಿಯನ್ನು.