ಕಾಲ ಕೆಳಗೊಂದು ಬಿರಡೆ: ಮರದ ನೆಲ, ಕಾರ್ಕ್ ನೆಲ ಮತ್ತು ಒಂದು ಮೊಣಕಾಲು

ಇವತ್ತು ಒಂದು ಸಣ್ಣ ಕೆಲಸ ಮಾಡಿ. ಫೋನ್‌ನಿಂದ ಕಣ್ಣು ತೆಗೆದು ಕಾಲ ಕೆಳಗೆ ನೋಡಿ. ಏನಿದೆ? ಬಹುಪಾಲು ಜನರ ಉತ್ತರ ಟೈಲ್ಸ್ ಅಂತಲೇ ಇರುತ್ತೆ. ನಮ್ಮ ಮನೇಲೂ ಅದೇ. ಹೊಳೆಯುವ, ಬಿಳಿ, ಕಲ್ಲಿನಷ್ಟು ಗಟ್ಟಿ ವಿಟ್ರಿಫೈಡ್ ಟೈಲ್ಸ್.

ಈ ಎಪಿಸೋಡ್ ಶುರುವಾಗಿದ್ದು ಅಮ್ಮನ ಮೊಣಕಾಲಿನಿಂದ. ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲಬೇಡಿ ಅಂತ ಡಾಕ್ಟರ್ ಹೇಳಿದ್ರು. ಹೇಳೋದು ಸುಲಭ, ಇರೋದೇ ಗಟ್ಟಿ ನೆಲ! ಕೊನೆಗೆ ಅಮ್ಮನ ರೂಮಿಗಾದರೂ ಮರ ಹಾಕಿಸೋಣ ಅಂತ ಅಂಗಡಿ ಅಂಗಡಿ ಅಲೆದೆ. ಮೊದಲನೇ ಅಂಗಡಿಯಲ್ಲಿ "ಪ್ಯೂರ್ ವುಡನ್ ಫ್ಲೋರಿಂಗ್ ಸರ್" ಅಂತ ಒಂದು ಹಲಗೆ ಕೈಗಿಟ್ಟರು. ಚೆನ್ನಾಗೇ ಇತ್ತು. ಸುಮ್ಮನೆ ಪಕ್ಕ ತಿರುಗಿಸಿ ಅಂಚು ನೋಡಿದೆ. ಒಳಗೆ ಒತ್ತಿ ಮಾಡಿದ ಕಂದು ಪುಡಿ, ಮೇಲೆ ಮರದ ಫೋಟೋ. ಹೌದು, ಫೋಟೋ! ಮರದ ಗೆರೆಗಳನ್ನು ಕಾಗದದ ಮೇಲೆ ಅಚ್ಚು ಹಾಕಿ, ಅದರ ಮೇಲೊಂದು ಪಾರದರ್ಶಕ ಪದರ ಕೂರಿಸಿರೋದು. ಇದರ ಹೆಸರು ಲ್ಯಾಮಿನೇಟ್. 1970ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಪೆರ್ಸ್ಟಾರ್ಪ್ ಕಂಪನಿಯಲ್ಲಿ ಹುಟ್ಟಿದ ಐಡಿಯಾ ಇದು, ಪೆರ್ಗೋ ಅನ್ನೋ ಹೆಸರಲ್ಲಿ ಜಗತ್ತೆಲ್ಲ ಹಬ್ಬಿತು. ಅದು ಕೆಟ್ಟ ವಸ್ತು ಅಂತ ನಾನು ಹೇಳ್ತಿಲ್ಲ. ಆದರೆ ಫೋಟೋನ ಮರ ಅಂತ ಮಾರೋದು ಸರಿಯಲ್ಲ. ಆ ಸಿಟ್ಟಲ್ಲೇ ಮನೆಗೆ ಬಂದು ಓದೋಕೆ ಕೂತೆ. ನಿಜವಾದ ಮರದ ನೆಲ ಅಂದ್ರೆ ಏನು, ಅದು ಬಂದಿದ್ದೆಲ್ಲಿಂದ?

ಫ್ರಾನ್ಸಿನಿಂದ ಶುರು ಮಾಡೋಣ. ವರ್ಸೈ ಅರಮನೆ, 14ನೇ ಲೂಯಿ ರಾಜ. ದೊಡ್ಡಸ್ತಿಕೆ ಅಂದ್ರೆ ಮಾರ್ಬಲ್, ಅಂದಿಗೂ ಇಂದಿಗೂ. ಆದರೆ ಮಾರ್ಬಲ್ ನೆಲವನ್ನು ತೊಳೀಬೇಕು. ತೊಳೆದ ನೀರು ಸಂದಿಯಲ್ಲಿ ಇಳಿದು ಕೆಳಗಿನ ಮರದ ತೊಲೆಗಳನ್ನು ಕೊಳೆಸುತ್ತಿತ್ತು. ಅದಕ್ಕೆ 1684ರ ಸುಮಾರಿಗೆ ಅಲ್ಲಿ ಕಲ್ಲಿನ ಜಾಗಕ್ಕೆ ಓಕ್ ಮರ ಬಂತು. ದೊಡ್ಡ ಚೌಕಗಳು, ಒಳಗೆ ಓರೆಯಾಗಿ ಹೆಣೆದ ಪಟ್ಟಿಗಳು. ಇವತ್ತಿಗೂ ಆ ವಿನ್ಯಾಸಕ್ಕೆ ವರ್ಸೈ ಪಾರ್ಕೆಟ್ ಅಂತಲೇ ಹೆಸರು. ರಾಜ ಮಾರ್ಬಲ್ ಕಿತ್ತು ಮರ ಹಾಕಿಸಿದ; ನಾವು ತಾತನ ಮನೆಯ ರೆಡ್ ಆಕ್ಸೈಡ್ ನೆಲ ಅಗೆದು ಮಾರ್ಬಲ್ ಹಾಕಿಸ್ತೀವಿ. ಇರಲಿ, ಮುಂದೆ ಹೋಗೋಣ.

ನಮ್ಮ ಕಡೆ ಮರ ಅಂದ್ರೆ ತೇಗ. ಶ್ರೀರಂಗಪಟ್ಟಣದ ದರಿಯಾ ದೌಲತ್, 1791ರಲ್ಲಿ ಮುಗಿದ ಬೆಂಗಳೂರಿನ ಟಿಪ್ಪು ಅರಮನೆ, ಎರಡರಲ್ಲೂ ಕಂಬ, ತೊಲೆ, ಕಮಾನು ಎಲ್ಲ ತೇಗವೇ. ಆದರೆ ಪಶ್ಚಿಮ ಘಟ್ಟದ ತೇಗದ ಮೇಲೆ ಕಣ್ಣು ಹಾಕಿದ್ದು ಮನೆ ಕಟ್ಟೋರಿಗಿಂತ ಹೆಚ್ಚಾಗಿ ಹಡಗು ಕಟ್ಟೋರು. ಬ್ರಿಟನ್ನಿನಲ್ಲಿ ಒಳ್ಳೆಯ ಓಕ್ ಮರ ಕೈಗೆ ಸಿಗುವುದು ಕಷ್ಟವಾಗುತ್ತಾ ಬಂದ ಹಾಗೆ ಈಸ್ಟ್ ಇಂಡಿಯಾ ಕಂಪನಿ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಮಲಬಾರಿನ ಅರಣ್ಯ ಸಂರಕ್ಷಕನಾಗಿ ನೇಮಿಸಿತು. ಹೆಸರಿಗೆ ಸಂರಕ್ಷಕ. ಮಾಡಿದ್ದು ತೇಗದ ಮೇಲೆ ಕಂಪನಿಯ ಏಕಸ್ವಾಮ್ಯ ಹೇರುವ ಕೆಲಸ, ಬಾಂಬೆ ಹಡಗುಕಟ್ಟೆಗೆ ಮರ ಕಳಿಸೋದಕ್ಕೆ. ಸ್ವಂತ ಜಮೀನಿನ ತೇಗವನ್ನೂ ಜನ ಕಡಿಯೋ ಹಾಗಿರಲಿಲ್ಲ. ವಿರೋಧ ಎಷ್ಟು ಜೋರಾಯಿತೆಂದರೆ 1823ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ರದ್ದು ಮಾಡಿದ. ಆ ಹೊತ್ತಿಗೆ ಎಷ್ಟೋ ಮರ ಸಮುದ್ರ ಸೇರಿಯಾಗಿತ್ತು. 1817ರಲ್ಲಿ ಬಾಂಬೆಯಲ್ಲಿ ವಾಡಿಯಾಗಳು ಮಲಬಾರ್ ತೇಗದಲ್ಲಿ ಕಟ್ಟಿದ ಟ್ರಿಂಕಮಲಿ ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲೆ ನಿಂತಿದೆ. ಇನ್ನೂರು ವರ್ಷ ದಾಟಿದೆ!

ಇಲ್ಲಿ ನನಗೊಂದು ಶಾಕ್ ಆಯ್ತು. ತೇಗ ಅಂದ್ರೆ ಎಲ್ಲಕ್ಕಿಂತ ಗಟ್ಟಿ ಮರ ಅಂತ ನಾನು ನಂಬಿದ್ದೆ. ಅಲ್ವಂತೆ. 1906ರಲ್ಲಿ ಗಾಬ್ರಿಯೇಲ್ ಜಂಕಾ ಅನ್ನೋ ಆಸ್ಟ್ರಿಯಾದ ಸಂಶೋಧಕ ಮರದ ಗಡಸುತನ ಅಳೆಯೋ ಒಂದು ಪರೀಕ್ಷೆ ರೂಪಿಸಿದ. ಹನ್ನೊಂದು ಮಿಲಿಮೀಟರ್ ಚಿಲ್ಲರೆ ವ್ಯಾಸದ ಉಕ್ಕಿನ ಗುಂಡನ್ನು ಅರ್ಧದವರೆಗೆ ಮರದೊಳಗೆ ಒತ್ತೋದು, ಅದಕ್ಕೆ ಎಷ್ಟು ಬಲ ಬೇಕಾಯ್ತು ಅಂತ ನೋಡೋದು. ಈಗ ಜಗತ್ತಿನ ಫ್ಲೋರಿಂಗ್ ಅಂಗಡಿಗಳೆಲ್ಲ ಹೇಳೋದು ಇದೇ ಜಂಕಾ ಅಂಕಿ. ಅಮೆರಿಕದ ರೆಡ್ ಓಕ್‌ಗೆ 1290 ಪೌಂಡ್. ಬಾಸ್ಕೆಟ್‌ಬಾಲ್ ಅಂಕಣಕ್ಕೆ ಹಾಕೋ ಮೇಪಲ್‌ಗೆ 1450. ನಮ್ಮ ತೇಗ ಸಾವಿರದ ಆಸುಪಾಸು ಅಷ್ಟೇ. ಹಾಗಾದ್ರೆ ತೇಗದ ಹೆಚ್ಚುಗಾರಿಕೆ ಏನು? ಅದು ಅಲುಗಾಡಲ್ಲ. ಮರ ಅನ್ನೋದು ಕಡಿದ ಮೇಲೂ ಗಾಳಿಯ ತೇವ ಕುಡಿದು ಅಗಲಕ್ಕೆ ಹಿಗ್ಗುತ್ತೆ, ಒಣಹವೆಯಲ್ಲಿ ಕುಗ್ಗುತ್ತೆ. ತೇಗದಲ್ಲಿ ಈ ಆಟ ಓಕ್‌ಗಿಂತ ಕಡಿಮೆ. ಅದರ ಎಣ್ಣೆಯಂಶದಿಂದ ಗೆದ್ದಲೂ ಬೇಗ ಹತ್ತಲ್ಲ. ಆದರೆ ಇದೆಲ್ಲ ಕಂದು ಬಣ್ಣದ ಚೇಗಿಗೆ ಮಾತ್ರ, ಹೊರಗಿನ ಬಿಳಿ ಭಾಗಕ್ಕಲ್ಲ. ಅಂಗಡಿಯಲ್ಲಿ ಹಲಗೆ ನೋಡುವಾಗ ಆ ಬಿಳಿ ಪಟ್ಟಿ ಎಷ್ಟಿದೆ ಅಂತ ನೋಡಿ.

ಇಷ್ಟು ಗೊತ್ತಾದ ಮೇಲೆ ತೇಗವೇ ಹಾಕಿಸಬಹುದಿತ್ತು. ಆದರೆ ಮೊಣಕಾಲಿನ ಪ್ರಶ್ನೆ ಹಾಗೇ ಉಳೀತು. ಕಾಂಕ್ರೀಟಿಗೆ ಅಂಟಿಸಿದ ತೇಗದ ಹಲಗೆ ಕಾಲಿಗೆ ಬೆಚ್ಚಗಿರುತ್ತೆ ನಿಜ, ಮೆತ್ತಗಿರಲ್ಲ. ಆಗ ಮೂರನೇ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದ ಒಂದು ಸ್ಯಾಂಪಲ್ ಸಿಕ್ತು. ಕಾರ್ಕ್. ಅಂದ್ರೆ ಬಾಟಲಿ ಬಿರಡೆಯ ಅದೇ ಕಾರ್ಕ್!

ಕಾರ್ಕ್ ನಿಮಗೆ ಹೊಸದಲ್ಲ. ಹೈಸ್ಕೂಲ್ ವಿಜ್ಞಾನದ ಪಾಠ ನೆನಪಿಸಿಕೊಳ್ಳಿ. ರಾಬರ್ಟ್ ಹುಕ್, ಸೂಕ್ಷ್ಮದರ್ಶಕ, ಜೀವಕೋಶ. 1665ರ 'ಮೈಕ್ರೋಗ್ರಾಫಿಯಾ' ಪುಸ್ತಕದಲ್ಲಿ ಹುಕ್ ತೆಳ್ಳಗೆ ಕತ್ತರಿಸಿ ನೋಡಿದ್ದು ಇದೇ ಕಾರ್ಕನ್ನು. ಒಳಗೆ ಖಾಲಿ ಪೆಟ್ಟಿಗೆಗಳು ಕಂಡವು, ಅವನ್ನು ಸೆಲ್ ಅಂತ ಕರೆದ. ನಾವು ಪರೀಕ್ಷೆಗೆ ಅಷ್ಟನ್ನೇ ಬಾಯಿಪಾಠ ಮಾಡಿದ್ವಿ. ಆದರೆ ಹುಕ್ ಅಲ್ಲಿಗೇ ನಿಲ್ಲಲಿಲ್ಲ. ಒಂದು ಘನ ಇಂಚಿನಲ್ಲಿ ಸುಮಾರು 125 ಕೋಟಿ ಪೆಟ್ಟಿಗೆಗಳಿರಬೇಕು ಅಂತ ಲೆಕ್ಕ ಹಾಕಿದ. ಕಾರ್ಕ್ ಯಾಕೆ ಇಷ್ಟು ಹಗುರ, ಒತ್ತಿದರೆ ತಗ್ಗಿ ಬಿಟ್ಟರೆ ಯಾಕೆ ಮೇಲೇಳುತ್ತೆ ಅನ್ನೋದಕ್ಕೂ ಅದೇ ಕಾರಣ ಕೊಟ್ಟ. ಅವನ ಮಾತು ಸರಿ. ಕಾಲಿಟ್ಟಾಗ ಆ ಕೋಶಗಳ ಗೋಡೆ ಮಡಚಿ ಒಳಗಿನ ಗಾಳಿ ಒತ್ತಿಕೊಳ್ಳುತ್ತೆ, ಕಾಲೆತ್ತಿದರೆ ವಾಪಸ್. ಆ ಸೆರೆಸಿಕ್ಕ ಗಾಳಿಯಿಂದಲೇ ಕಾರ್ಕ್ ನೆಲ ಚಳಿಗಾಲದಲ್ಲೂ ತಣ್ಣಗೆ ಕೊರೆಯಲ್ಲ.

ಇದು ಮರವಲ್ಲ, ತೊಗಟೆ. ಪೋರ್ಚುಗಲ್, ಸ್ಪೇನ್ ಮತ್ತು ಮೆಡಿಟರೇನಿಯನ್ ಸುತ್ತಮುತ್ತ ಬೆಳೆಯುವ ಕಾರ್ಕ್ ಓಕ್ ಮರದ್ದು. ಜಗತ್ತಿನ ಕಾರ್ಕ್‌ನಲ್ಲಿ ಅರ್ಧದಷ್ಟು ಪೋರ್ಚುಗಲ್ ಒಂದರಿಂದಲೇ ಬರುತ್ತೆ. ಮೇ ತಿಂಗಳಿಂದ ಆಗಸ್ಟ್‌ವರೆಗೆ, ತೊಗಟೆ ಸಡಿಲವಾಗಿರೋ ಬೇಸಿಗೆಯಲ್ಲಿ, ಕೊಡಲಿ ಹಿಡಿದ ಕುಶಲ ಕೆಲಸಗಾರರು ಬರ್ತಾರೆ. ಕೊಡಲಿಯಿಂದ ತೊಗಟೆಗೆ ಗೀರು ಹಾಕಿ, ಅದರ ಹಿಡಿಯ ತುದಿಯಿಂದ ಮೀಟಿ ದೊಡ್ಡ ಹಾಳೆಗಳ ಹಾಗೆ ಬಿಡಿಸ್ತಾರೆ. ಒಂದು ಏಟು ಆಳಕ್ಕೆ ಬಿದ್ದರೆ ಒಳಗಿನ ಜೀವಂತ ಪದರಕ್ಕೆ ಗಾಯ. ಆ ಗಾಯ ಮರಕ್ಕೆ ಜೀವನಪೂರ್ತಿ. ಅದಕ್ಕೇ ಅಲ್ಲಿ ಕೃಷಿ ಕೂಲಿಯಲ್ಲಿ ಅತಿ ಹೆಚ್ಚು ಸಂಬಳದ ಕೆಲಸಗಳಲ್ಲಿ ಇದೂ ಒಂದು. ಬಿಡಿಸಿದ ಮೇಲೆ ಕಾಂಡದ ಮೇಲೆ ಆ ವರ್ಷದ ಕೊನೆಯ ಅಂಕಿ ಬರೀತಾರೆ. 2024ರಲ್ಲಿ ಬಿಡಿಸಿದರೆ 4. ಮತ್ತೆ ಮುಟ್ಟಬೇಕಾದರೆ ಒಂಬತ್ತು ವರ್ಷ ಕಾಯಬೇಕು.

ಕಾಯೋದು ಅಂದ್ರೆ ಎಂಥಾ ಕಾಯೋದು! ಸಸಿ ನೆಟ್ಟು ಮೊದಲ ಸಲ ತೊಗಟೆ ತೆಗೆಯೋಕೆ ಸುಮಾರು 25 ವರ್ಷ. ಬಾಟಲಿ ಬಿರಡೆಗೆ ಯೋಗ್ಯವಾದದ್ದು ಸಿಗೋದು ಮೂರನೇ ಸಲಕ್ಕೆ, ಅಂದರೆ ಮರಕ್ಕೆ ನಲವತ್ತು ದಾಟಿದ ಮೇಲೆ. ಆಗುವಾಸ್ ದೆ ಮೌರಾ ಎಂಬ ಊರಿನಲ್ಲಿ 1783ರಲ್ಲಿ ನೆಟ್ಟ ಒಂದು ಮರ ಇದೆ. ಅದರಲ್ಲಿ ಹಕ್ಕಿಗಳ ಗಲಾಟೆ ಜಾಸ್ತಿ, ಅದಕ್ಕೇ ವಿಸ್ಲರ್ ಅಂತ ಹೆಸರು. ಇಪ್ಪತ್ತಕ್ಕೂ ಹೆಚ್ಚು ಸಲ ತೊಗಟೆ ಕೊಟ್ಟಿದೆ. ಇನ್ನೂ ಬದುಕಿದೆ, 2018ರಲ್ಲಿ ಯುರೋಪಿನ ವರ್ಷದ ಮರ ಸ್ಪರ್ಧೆಯನ್ನೂ ಗೆದ್ದಿತು.

ಈಗ ನೆಲದ ವಿಷಯ. ಬಿರಡೆ ಕೊರೆದ ಮೇಲೆ ತೊಗಟೆಯಲ್ಲಿ ಬಹುಪಾಲು ಚೂರಾಗಿ ಉಳಿಯುತ್ತೆ. ಅದನ್ನೇನು ಮಾಡೋದು? ಮೊದಲ ಉತ್ತರ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್‌ನದು, 1860ರ ದಶಕದಲ್ಲಿ. ಅಗಸೆ ಎಣ್ಣೆಯನ್ನು ಗಾಳಿಗೊಡ್ಡಿ ರಬ್ಬರಿನ ಹಾಗೆ ಗಟ್ಟಿಯಾಗಿಸಿ, ಕಾರ್ಕ್ ಪುಡಿ ಕಲಸಿ, ಸೆಣಬಿನ ಬಟ್ಟೆಯ ಮೇಲೆ ಒತ್ತಿದ. ಅದೇ ಲಿನೋಲಿಯಂ. ನಮ್ಮ ಹಳೇ ಸರ್ಕಾರಿ ಕಚೇರಿಗಳ ನೆಲ, ಮೇಜುಗಳ ಮೇಲೆ ನಿಮ್ಮಪ್ಪ ಅಮ್ಮ ನೋಡಿರ್ತಾರೆ, ಕೇಳಿ. ಇದರಲ್ಲಿ ನಮ್ಮ ಪಾಲೂ ಇದೆ. ಆ ಕಾಲದಲ್ಲಿ ಬ್ರಿಟನ್ನಿಗೆ ಅಗಸೆ ಬೀಜ ಕಳಿಸುತ್ತಿದ್ದ ದೊಡ್ಡ ದೇಶಗಳಲ್ಲಿ ಭಾರತ ಒಂದು, ಸೆಣಬಂತೂ ಬಂಗಾಳದ್ದೇ. ಲಂಡನ್ನಿನ ಹಜಾರದಲ್ಲಿ ಹಾಸಿದ್ದು ಪೋರ್ಚುಗಲ್ಲಿನ ತೊಗಟೆ ಮತ್ತು ನಮ್ಮ ರೈತರ ಬೆವರು. ಪಾಪ, ವಾಲ್ಟನ್ ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿರಲಿಲ್ಲ. ಪೇಟೆಂಟ್ ಅವಧಿ ಮುಗಿದ ಮೇಲೆ ಸ್ಕಾಟ್ಲೆಂಡಿನ ನೇರ್ನ್ ಕಂಪನಿಯ ಮೇಲೆ ಕೇಸ್ ಹಾಕಿದ, 1878ರಲ್ಲಿ ಸೋತ. ಲಿನೋಲಿಯಂ ಅನ್ನೋದು ಆ ವಸ್ತುವಿಗೆ ಇರೋ ಒಂದೇ ಹೆಸರು, ಯಾರ ಸ್ವತ್ತೂ ಅಲ್ಲ ಅಂತ ತೀರ್ಪು ಬಂತು.

ಎರಡನೇ ಉತ್ತರ ಅಂಟೇ ಇಲ್ಲದ್ದು. 1890ರ ದಶಕದ ಆರಂಭದಲ್ಲಿ ನ್ಯೂಯಾರ್ಕ್‌ನ ಜಾನ್ ಸ್ಮಿತ್ ಎಂಬಾತ ಕಂಡುಕೊಂಡಿದ್ದು ಏನು ಅಂದ್ರೆ, ಕಾರ್ಕ್ ಚೂರುಗಳನ್ನು ಒತ್ತಿ ಬಿಸಿ ಮಾಡಿದರೆ ಅವು ತಾವೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತೊಗಟೆಯೊಳಗಿನ ಸುಬೆರಿನ್ ಎಂಬ ಮೇಣದಂಥ ಪದಾರ್ಥವೇ ಗೋಂದು. ಅಲ್ಲಿಂದ ಕಾರ್ಕ್ ಹಲಗೆ, ಕಾರ್ಕ್ ಟೈಲು. 1930ರ ದಶಕದಲ್ಲಿ ಅಮೆರಿಕದಲ್ಲಿ ಅದು ಫ್ಯಾಷನ್. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಜಲಪಾತದ ಮೇಲೆ ಕಟ್ಟಿದ ಫಾಲಿಂಗ್‌ವಾಟರ್ ಮನೆಯ ಫೋಟೋನ ನೀವು ಎಲ್ಲಾದರೂ ನೋಡಿರ್ತೀರಿ. ಆ ಮನೆಯ ಬಚ್ಚಲಲ್ಲಿ ನೆಲಕ್ಕೂ ಗೋಡೆಗೂ ಕಾರ್ಕ್. ಬಚ್ಚಲಲ್ಲಿ!

ಆಮೇಲೆ ಯುದ್ಧ ಬಂತು. ಕಾರ್ಕ್ ಅಂದ್ರೆ ಬರೀ ನೆಲವಲ್ಲ, ಎಂಜಿನ್ನುಗಳ ಗ್ಯಾಸ್ಕೆಟ್, ಶೀತಲ ಗೋದಾಮುಗಳ ಗೋಡೆ, ಲೈಫ್ ಜಾಕೆಟ್, ಎಲ್ಲದಕ್ಕೂ ಬೇಕು. ಬರೋದು ಮಾತ್ರ ಅಟ್ಲಾಂಟಿಕ್ ದಾಟಿ, ಜರ್ಮನ್ ಸಬ್‌ಮರೀನ್‌ಗಳ ಮಧ್ಯೆ. 1940ರ ಸೆಪ್ಟೆಂಬರಿನಲ್ಲಿ ಬಾಲ್ಟಿಮೋರ್‌ನ ಕ್ರೌನ್ ಕಾರ್ಕ್ ಅಂಡ್ ಸೀಲ್ ಕಂಪನಿಯ ಕಾರ್ಕ್ ದಾಸ್ತಾನಿಗೆ ಬೆಂಕಿ ಬಿದ್ದಾಗ ಇದು ಶತ್ರುಗಳ ಕೈವಾಡವಾ ಅನ್ನೋ ಅನುಮಾನವೂ ಎದ್ದಿತು. ಕಂಪನಿಯ ಮುಖ್ಯಸ್ಥ ಚಾರ್ಲ್ಸ್ ಮೆಕ್‌ಮ್ಯಾನಸ್ ಅಮೆರಿಕದಲ್ಲೇ ಕಾರ್ಕ್ ಓಕ್ ಬೆಳೆಸೋಣ ಅಂತ ಬೀಜ, ಸಸಿ ಹಂಚಿಸಿದ. ಮಕ್ಕಳೆಲ್ಲ ನೆಟ್ಟರು. ಆದರೆ ಮರಕ್ಕೆ 25 ವರ್ಷ ಬೇಕು, ಯುದ್ಧ ಐದು ವರ್ಷಕ್ಕೆ ಮುಗೀತು. ಆ ಹೊತ್ತಿಗೆ ಪ್ಲಾಸ್ಟಿಕ್ ತಯಾರಾಗಿತ್ತು. ಅಗ್ಗದ ವಿನೈಲ್ ಬಂದು ಕಾರ್ಕ್ ನೆಲವನ್ನೂ ಲಿನೋಲಿಯಂನನ್ನೂ ಪಕ್ಕಕ್ಕೆ ತಳ್ಳಿತು.

ಇಲ್ಲಿ ಒಂದು ಎಡವಟ್ಟು ಇದೆ, ಇದನ್ನು ಯೋಚಿಸಿ ನನಗೆ ನಿದ್ದೆ ಬರಲಿಲ್ಲ. ಕಾರ್ಕ್ ಕಾಡಿನ ಆದಾಯದ ಮುಖ್ಯ ಭಾಗ ಬಿರಡೆಯದು. ನೆಲದ ಟೈಲು ಅದರ ಉಳಿಕೆ. ವೈನ್ ಬಾಟಲಿಗೆ ಪ್ಲಾಸ್ಟಿಕ್ ಬಿರಡೆ, ತಿರುಗಿಸೋ ಮುಚ್ಚಳ ಬಂದಷ್ಟೂ ಆ ಕಾಡು ಉಳಿಸಿಕೊಳ್ಳೋ ಆಸೆ ರೈತನಿಗೆ ಕಡಿಮೆ. ಪೋರ್ಚುಗಲ್‌ನಲ್ಲಿ ಅನುಮತಿ ಇಲ್ಲದೆ ಕಾರ್ಕ್ ಓಕ್ ಕಡಿಯೋ ಹಾಗಿಲ್ಲ, 2011ರಲ್ಲಿ ಅಲ್ಲಿನ ಸಂಸತ್ತು ಅದನ್ನು ರಾಷ್ಟ್ರೀಯ ವೃಕ್ಷ ಅಂತಲೂ ಘೋಷಿಸಿತು. ಆದರೆ ಮೊಮ್ಮಗನಿಗೆ ಫಲ ಕೊಡೋ ಸಸಿ ನೆಡು ಅಂತ ಯಾವ ಕಾನೂನೂ ಬಲವಂತ ಮಾಡೋಕಾಗಲ್ಲ. ಪಕ್ಕದಲ್ಲೇ ಹತ್ತು ಹನ್ನೆರಡು ವರ್ಷಕ್ಕೆ ಕಟಾವಾಗೋ ನೀಲಗಿರಿ ಕರೀತಾ ಇರುತ್ತೆ. ನೀಲಗಿರಿ ಮತ್ತು ನೆಲ ಅಂದ್ರೆ ಕೋಲಾರದ ಕಡೆಯೋರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸರಿ, ಕೊಳ್ಳೋ ವಿಷಯಕ್ಕೆ ಬರೋಣ. ಕಾರ್ಕ್‌ನಲ್ಲಿ ಎರಡು ಜಾತಿ. ಒಂದು ನೆಲಕ್ಕೆ ಅಂಟಿಸೋ ಟೈಲು, ಪೂರ್ತಿ ಕಾರ್ಕ್. ಇನ್ನೊಂದು ಕ್ಲಿಕ್ ಮಾಡಿ ಜೋಡಿಸೋ ಹಲಗೆ. ಅದರಲ್ಲಿ ಸಾಮಾನ್ಯವಾಗಿ ಮೇಲೆ ಕೆಳಗೆ ಕಾರ್ಕ್, ನಡುವೆ ಮತ್ತದೇ ಒತ್ತಿದ ಮರದ ಪುಡಿ. ನೀರು ಕುಡಿದರೆ ಊದೋದು ಈ ನಡುವಿನ ಪದರ. ಬಕೆಟ್ಟಲ್ಲಿ ನೀರು ಹಾಕಿ ಒರೆಸೋ ನಮ್ಮ ಮನೆಗಳಿಗೆ ಮೊದಲನೆಯದೇ ವಾಸಿ, ಅದೂ ಮೇಲೆ ಒಳ್ಳೆ ಲೇಪ ಇದ್ದರೆ. ಬಿಸಿಲು ಬೀಳೋ ಕಿಟಕಿ ಹತ್ತಿರ ಬಣ್ಣ ಮಾಸುತ್ತೆ. ಗೋಡ್ರೇಜ್ ಬೀರುವಿನ ಕಾಲು ಕೆಳಗೆ ಅಗಲವಾದ ಪಟ್ಟಿ ಇಡದಿದ್ದರೆ ಗುಳಿ ಬೀಳುತ್ತೆ. ಇನ್ನು ಮರವೇ ಬೇಕು ಅನ್ನೋರು ಎಂಜಿನಿಯರ್ಡ್ ವುಡ್ ಕೇಳಿದರೆ ಮೇಲಿನ ನಿಜವಾದ ಮರದ ಪದರ ಎಷ್ಟು ಮಿಲಿಮೀಟರ್ ಅಂತ ಕೇಳಿ. ಮೂರು ನಾಲ್ಕು ಇದ್ದರೆ ಮುಂದೆ ಉಜ್ಜಿ ಹೊಸದು ಮಾಡಬಹುದು, ಅರ್ಧ ಇದ್ದರೆ ಅದು ಒಂದೇ ಆಯಸ್ಸು. ಹಲಗೆಗಳನ್ನು ಹಾಕೋಕೆ ಮುಂಚೆ ಕೆಲವು ದಿನ ಅದೇ ರೂಮಲ್ಲಿ ಇಡಬೇಕು, ಗೋಡೆ ಪಕ್ಕ ಹಿಗ್ಗೋಕೆ ಜಾಗ ಬಿಡಬೇಕು. ಮಂಗಳೂರು, ಕಾರವಾರದೋರು ಇದನ್ನ ಇನ್ನೂ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಎಲ್ಲಕ್ಕಿಂತ ಮೊದಲು ಅಂಚು ತಿರುಗಿಸಿ ನೋಡಿ.

ನಾನು ಅಂಟಿಸೋ ಕಾರ್ಕ್ ಟೈಲಿನ ನಾಲ್ಕು ಸ್ಯಾಂಪಲ್ ತಂದು ಅಡುಗೆಮನೆಯಲ್ಲಿ ಒಲೆ ಮುಂದೆ ಇಟ್ಟೆ. ಅಮ್ಮ ಮೊದಲು ಬೈದರು, ಬೆಲೆ ಕೇಳಿ ಇನ್ನೂ ಬೈದರು. ಟೈಲ್ಸ್‌ಗಿಂತ ಎಷ್ಟೋ ದುಬಾರಿ, ಸುಳ್ಳು ಹೇಳಲ್ಲ. ಮೂರು ದಿನ ಅದರ ಮೇಲೆ ನಿಂತು ಅಡುಗೆ ಮಾಡಿದರು. ನಾಲ್ಕನೇ ದಿನ ನೆಲ ಒರೆಸೋಕೆ ನಾನು ಅವನ್ನು ಎತ್ತಿಟ್ಟಿದ್ದೆ. ಕುಕ್ಕರ್ ಇಡೋಕೆ ಬಂದವರು ಒಂದು ನಿಮಿಷ ನಿಂತು ಕೇಳಿದರು: "ಆ ಬಿರಡೆ ಎಲ್ಲಿಟ್ಟೆ?"

ರೂಮಿಗೂ ಅಡುಗೆಮನೆಯ ಒಲೆ ಮುಂದಿನ ಜಾಗಕ್ಕೂ ಆರ್ಡರ್ ಕೊಟ್ಟಾಗಿದೆ. ಹಾಕಿಸಿ ಒಂದು ಮಳೆಗಾಲ ಕಳೆದ ಮೇಲೆ ಹೇಗಿದೆ ಅಂತ ಇದೇ ಜಾಗದಲ್ಲಿ ಹೇಳ್ತೀನಿ. ನಿಮ್ಮ ಮನೆಯ ಹಳೇ ನೆಲದ ಕಥೆ ಇದ್ದರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.