ಕೌದಿ ಒಗೆಯುವ ಜಾಗ ಎಲ್ಲಿ ಹೋಯಿತು?

ಮಹಾನವಮಿ ಹತ್ತಿರ ಬಂತೆಂದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಎರಡು ಕೆಲಸ ತಪ್ಪುವುದಿಲ್ಲ. ಒಂದು, ಮನೆಗೆ ಸುಣ್ಣ-ಬಣ್ಣ. ಇನ್ನೊಂದು, ಹಾಸಿಗೆ-ಹೊದಿಕೆ ಎಲ್ಲ ಹೊರಗೆ ತೆಗೆದು ಒಗೆಯುವುದು. ಘಟ ಕೂಡಿಸುವ ಮೊದಲು ಕೌದಿ, ಚಾದರ, ಜಮಖಾನ ಎಲ್ಲವೂ ನೀರು ಕಾಣಬೇಕು.

ಈಗ ಹಳ್ಳಿಯಲ್ಲೂ ಬಹಳ ಮನೆಗಳಿಗೆ ವಾಷಿಂಗ್ ಮಷಿನ್ ಬಂದಿದೆ. ಆದರೆ ದೊಡ್ಡ ಕೌದಿ ಅದರಲ್ಲಿ ಹಿಡಿಯುವುದಿಲ್ಲ. ಮಷಿನ್ ಮೇಲೆ 6 ಕೆಜಿ, 7 ಕೆಜಿ ಎಂದು ಬರೆದಿರುವುದು ಒಣ ಬಟ್ಟೆಯ ಲೆಕ್ಕ. ಕೌದಿ ಎಂದರೆ ಹಳೆಯ ಸೀರೆ, ಧೋತರ ಪದರು ಪದರಾಗಿ ಹಾಕಿ ಹೊಲಿದದ್ದು. ನೀರು ಕುಡಿದರೆ ಒಬ್ಬರ ಕೈಯಲ್ಲಿ ಎತ್ತಲು ಆಗದು. ತುರುಕಿ ಹಾಕಿದರೆ ಒಳಪದರಿನ ಕೊಳೆ ಬಿಡುವುದಿಲ್ಲ, ಭಾರ ಒಂದು ಬದಿಗೆ ಬಿದ್ದು ಮಷಿನ್ ಕುಣಿಯುತ್ತದೆ.

ಇದು ಮಷಿನ್ ತಪ್ಪಲ್ಲ. ಹಾಸಿಗೆ ಒಗೆಯುವುದು ಹಿಂದೆಯೂ ಒಂದು ಮನೆಯೊಳಗೆ ಮುಗಿಯುವ ಕೆಲಸ ಆಗಿರಲಿಲ್ಲ. ಅದಕ್ಕೆ ಹರಿಯುವ ನೀರು, ಚಪ್ಪಟೆ ಬಂಡೆ, ಎರಡು ಮೂರು ಆಳು, ಇಡೀ ದಿನದ ಬಿಸಿಲು ಬೇಕಿತ್ತು. ಅದಕ್ಕೆ ಊರಿನಲ್ಲಿ ಒಂದು ಜಾಗವೂ ಇತ್ತು.

ಸವಳು ಮತ್ತು ಉಬ್ಬೆ

ಸೋಪು ಬರುವ ಮೊದಲು ಕೊಳೆ ತೆಗೆಯುತ್ತಿದ್ದದ್ದು ಸವಳು ಮಣ್ಣು. ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪಿನಂತೆ ಏಳುವ ಈ ಮಣ್ಣಿನಲ್ಲಿ ಕ್ಷಾರ ಇರುತ್ತದೆ, ಅದು ಜಿಡ್ಡನ್ನು ಬಿಡಿಸುತ್ತದೆ. ಮಡಿವಾಳರು ಬಟ್ಟೆಯನ್ನು ಸವಳು ನೀರಿನಲ್ಲಿ ಅದ್ದಿ, ಕುದಿಯುವ ನೀರಿನ ಹಂಡೆಯ ಮೇಲೆ ಪೇರಿಸಿ, ಹಬೆಯಲ್ಲಿ ಬೇಯಿಸುತ್ತಿದ್ದರು. ಇದೇ ಉಬ್ಬೆ. ಹಬೆ ಬಟ್ಟೆಯ ಒಳಗೆಲ್ಲ ಹೋಗುವುದರಿಂದ ಹೇನು, ತಿಗಣೆಯೂ ಸಾಯುತ್ತಿದ್ದವು.

ಎಲ್ಲ ಹಾಸಿಗೆಗೂ ಒಂದೇ ಪದ್ಧತಿ ಇರಲಿಲ್ಲ. ಕುರಿ ಉಣ್ಣೆಯ ಕಂಬಳಿಯನ್ನು ಉಬ್ಬೆಗೆ ಹಾಕುತ್ತಿರಲಿಲ್ಲ. ಬಿಸಿ ನೀರು, ಬಡಿತ ಬಿದ್ದರೆ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ. ಅದಕ್ಕೆ ಬಿಸಿಲೇ ಮದ್ದು, ಅಪರೂಪಕ್ಕೆ ತಣ್ಣೀರು ಮತ್ತು ಅಂಟುವಾಳ ಕಾಯಿ. ಹತ್ತಿ ಗಾದಿಯನ್ನೂ ನೀರಿಗೆ ಹಾಕುತ್ತಿರಲಿಲ್ಲ. ಪಿಂಜಾರರು ಬಂದು ಹತ್ತಿ ಹೊರತೆಗೆದು, ಕಮಾನಿನಿಂದ ಹಿಂಜಿ ಮತ್ತೆ ತುಂಬುತ್ತಿದ್ದರು. ನೀರಿಗೆ ಬೀಳುತ್ತಿದ್ದದ್ದು ಅದರ ಹೊರ ಚೀಲ ಮಾತ್ರ.

ಯಾರು ಒಗೆದರು, ಯಾರಿಗೆ ಒಗೆದರು

12ನೇ ಶತಮಾನದ ಕಲ್ಯಾಣದಲ್ಲಿ ಶರಣರ ಬಟ್ಟೆ ಮಡಿ ಮಾಡಿದ ಮಡಿವಾಳ ಮಾಚಿದೇವರು ಈಗಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯವರು. ಬಸವಣ್ಣನವರ ಸಮಕಾಲೀನರು, ವಚನಕಾರರು. ಕಾಯಕಕ್ಕೆ ಅಷ್ಟು ಗೌರವ ಸಿಕ್ಕ ನಾಡಿನಲ್ಲೇ ಆ ಕಾಯಕದವರನ್ನು ಊರು ಕೆಳಗೆ ಕೂಡಿಸಿತು ಎಂಬುದೂ ನಿಜ.

ಮಡಿವಾಳರು ಊರಿನ ಆಯಗಾರರಲ್ಲಿ ಒಬ್ಬರು. ವರ್ಷವಿಡೀ ಒಗೆದದ್ದಕ್ಕೆ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳು ತರಬೇಕಿತ್ತು. ಬಾಣಂತಿಯ ಹಾಸಿಗೆ, ಸತ್ತವರ ಮನೆಯ ಹಾಸಿಗೆ ಅವರ ಪಾಲಿಗೇ ಬರುತ್ತಿತ್ತು. ದಲಿತರ ಮನೆಗೆ ಈ ಸೇವೆಯೂ ಇರಲಿಲ್ಲ. ಎಷ್ಟೋ ಊರುಗಳಲ್ಲಿ ಅವರು ಹಳ್ಳದ ಕೆಳಗಿನ ನೀರಿನಲ್ಲೇ ಒಗೆಯಬೇಕಿತ್ತು. ಹಾಗಾಗಿ ಹಳೆಯ ಕಾಲವೇ ಚಂದ ಎಂದು ಹೇಳಲು ಬರುವುದಿಲ್ಲ.

ಸೋಪು, ಪುಡಿ ಬಂದ ಮೇಲೆ ಈ ಲೆಕ್ಕ ಬದಲಾಯಿತು. 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಸೋಪಿನ ಕಾರ್ಖಾನೆ ಶುರುವಾಯಿತು. 1969ರಲ್ಲಿ ಗುಜರಾತಿನಲ್ಲಿ ಹುಟ್ಟಿದ ನಿರ್ಮಾ ಪುಡಿ ಮುಂದೆ ಹಳ್ಳಿ ಅಂಗಡಿಗಳಿಗೂ ಬಂತು. ಮಡಿವಾಳರ ಮಕ್ಕಳು ಬೇರೆ ಕೆಲಸ ಹಿಡಿದರು. ಅದು ಒಳ್ಳೆಯದೇ ಆಯಿತು. ಆದರೆ ಅವರು ಬಿಟ್ಟ ಭಾರ ಹೋಗಿ ಬಿದ್ದದ್ದು ಮನೆಯ ಹೆಣ್ಣುಮಕ್ಕಳ ಮೇಲೆ. ಗಂಟು ಹೊತ್ತು ಹಳ್ಳಕ್ಕೆ ಹೋಗುವುದು, ಕಾಲಲ್ಲಿ ತುಳಿಯುವುದು, ಬಡಿಯುವುದು, ಇಬ್ಬರು ಎರಡು ತುದಿ ಹಿಡಿದು ಹಿಂಡುವುದು, ಬಂಡೆ ಮೇಲೆ ಒಣಹಾಕುವುದು ಎಲ್ಲ ಅವರದೇ ಆಯಿತು.

ಹಳ್ಳದಿಂದ ಕಾಲುವೆಗೆ

ಕೊಳವೆಬಾವಿ ಹೆಚ್ಚಿದಂತೆ ಹಳ್ಳ ಬತ್ತಿತು. ಮರಳು ತೆಗೆದ ಕಡೆ ಗುಂಡಿ ಬಿದ್ದವು. ಇನ್ನೊಂದು ಕಡೆ ಹೊಸ ನೀರು ಬಂತು. 1953ರಲ್ಲಿ ತುಂಗಭದ್ರಾ, 1982ರಲ್ಲಿ ನಾರಾಯಣಪುರದ ಬಸವಸಾಗರ, ಅವುಗಳ ಹಿಂದೆ ಕಾಲುವೆಗಳು. ಕೌದಿ ಗಂಟು ಕಾಲುವೆಯ ದಾರಿ ಹಿಡಿಯಿತು.

ಹಳ್ಳಕ್ಕೂ ಕಾಲುವೆಗೂ ವ್ಯತ್ಯಾಸ ಇದೆ. ಹಳ್ಳದ ದಂಡೆ ಮೆಲ್ಲಗೆ ಇಳಿಯುತ್ತದೆ, ಮೊಣಕಾಲು ನೀರಿನಲ್ಲಿ ನಿಲ್ಲಬಹುದು. ಕಾಲುವೆ ಕಟ್ಟಿದ್ದು ಹೊಲಕ್ಕೆ ನೀರು ಒಯ್ಯಲು, ಮನುಷ್ಯರು ಇಳಿಯಲು ಅಲ್ಲ. ಇಳಿಜಾರು ಸಿಮೆಂಟಿನ ಗೋಡೆ, ಮೇಲೆ ಪಾಚಿ, ಒಳಗೆ ಸೆಳವು. ಕೈಯಲ್ಲಿ ನೆಂದ ಕೌದಿ ಇದ್ದರೆ ಅದರ ಭಾರವೇ ಆಳನ್ನು ಎಳೆಯುತ್ತದೆ. ಬಿದ್ದವರು ಮೇಲೆ ಬರಲು ಹಿಡಿಯುವುದಕ್ಕೆ ಏನೂ ಸಿಗುವುದಿಲ್ಲ. ಬಟ್ಟೆ ಒಗೆಯಲು ಹೋಗಿ ಕಾಲುವೆ ಪಾಲಾದ ತಾಯಿ-ಮಕ್ಕಳ ಸುದ್ದಿ ನಮ್ಮಂಥ ವರದಿಗಾರರು ಮತ್ತೆ ಮತ್ತೆ ಬರೆಯುತ್ತೇವೆ. ಪತ್ರಿಕೆಯಲ್ಲಿ ಅದು ನಾಲ್ಕು ಸಾಲು, "ಕಾಲು ಜಾರಿ" ಎಂದು ಮುಗಿಯುತ್ತದೆ. ಕಾಲು ಯಾಕೆ ಜಾರಿತು ಎಂದು ಯಾರೂ ಕೇಳುವುದಿಲ್ಲ.

2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಮನೆಗೆ ನಲ್ಲಿ ಕೊಡುತ್ತಿದೆ. ಅದರ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಅದು ಸರಿ. ಮನೆಮಂದಿಯ ಕೌದಿಗಳಿಗೆ ಆ ಲೆಕ್ಕದಲ್ಲಿ ಜಾಗ ಇಲ್ಲ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಕೆಲವು ಊರುಗಳ ಕೆರೆಗೆ ಸೋಪಾನಕಟ್ಟೆ ಕಟ್ಟಿದ್ದಾರೆ. ಕಾಲುವೆ ಪಕ್ಕದ ಊರಿಗೂ ಮೆಟ್ಟಿಲು, ಹಿಡಿಯಲು ಕಂಬಿ ಅಥವಾ ಸರಪಳಿ, ಒಗೆಯುವ ಕಲ್ಲು ಸಾಕು. ಕಾಲುವೆ ಇಲ್ಲದ ಕಡೆ ಕೊಳವೆಬಾವಿ ಪಕ್ಕ ಒಂದು ತೊಟ್ಟಿ, ನಾಲ್ಕು ಕಲ್ಲು, ಕೊಳೆ ನೀರು ಹೋಗಲು ಇಂಗುಗುಂಡಿ ಸಾಕು. ಅಲ್ಲಿ ಎಲ್ಲ ಜಾತಿಯವರಿಗೂ ಒಂದೇ ನೀರು ಇರಬೇಕು.

ಮುಂದಿನ ಗ್ರಾಮಸಭೆಯಲ್ಲಿ ಈ ಮಾತು ಎತ್ತಿ. ಗಂಡಸರು ಎತ್ತಿದರೂ ನಡೆಯುತ್ತದೆ, ಕೌದಿ ಹೊದೆಯುವವರು ಅವರೂ ಹೌದಲ್ಲ.