ಭಾರತದ ನೆರೆಹೊರೆ ನೀತಿ

ನೇಪಾಳ, ಭೂತಾನ, ಶ್ರೀಲಂಕಾ, ಬಾಂಗ್ಲಾದೇಶ, ಮಾಲ್ದೀವ್ಸ್‌ನಂಥ ಚಿಕ್ಕ ನೆರೆರಾಷ್ಟ್ರಗಳೊಂದಿಗೆ ಸ್ವತಂತ್ರ ಭಾರತ ಇಟ್ಟುಕೊಂಡು ಬಂದ ವ್ಯವಹಾರ. ಹಿಮಾಲಯದ ರಾಜ್ಯಗಳನ್ನು ಉತ್ತರದ ರಕ್ಷಣಾ ಗೋಡೆಯೆಂದು ಎಣಿಸುವ ಬ್ರಿಟಿಷರ ಲೆಕ್ಕಾಚಾರವನ್ನು ನೆಹರೂ ಸರ್ಕಾರ ಬಹುಮಟ್ಟಿಗೆ ಹಾಗೆಯೇ ಮುಂದುವರಿಸಿತು. 1949ರ ಒಪ್ಪಂದದಂತೆ ಭೂತಾನ ವಿದೇಶಾಂಗ ವಿಷಯಗಳಲ್ಲಿ ಭಾರತದ ಸಲಹೆಯಂತೆ ನಡೆಯಬೇಕಿತ್ತು. ಆ ಕಲಮು 2007ರವರೆಗೂ ಉಳಿದಿತ್ತು.

ನೇಪಾಳದ ಕಥೆ ಇಷ್ಟು ಸಲೀಸಲ್ಲ. 1950ರ ಜುಲೈ 31ರಂದು ಕಠ್ಮಂಡುವಿನಲ್ಲಿ ಆದ ಶಾಂತಿ ಮತ್ತು ಮೈತ್ರಿ ಒಪ್ಪಂದಕ್ಕೆ ನೇಪಾಳದ ಕಡೆಯಿಂದ ಸ್ವತಃ ಪ್ರಧಾನಿ ಮೋಹನ ಶಂಶೇರ್ ರಾಣಾ ರುಜು ಹಾಕಿದರೆ, ಭಾರತದ ಕಡೆಯಿಂದ ಹಾಕಿದವರು ರಾಯಭಾರಿ. ಅಲ್ಲಿನವರು ಇದನ್ನು ಇಂದಿಗೂ ಎತ್ತಿ ಆಡುತ್ತಾರೆ. ಏಳು ತಿಂಗಳೊಳಗೆ ರಾಣಾಶಾಹಿ ಉರುಳಿತು, ಒಪ್ಪಂದ ಉಳಿಯಿತು. ಅದರ ದೆಸೆಯಿಂದಲೇ ಲಕ್ಷಾಂತರ ನೇಪಾಳಿಗಳು ಭಾರತದಲ್ಲಿ ನಿರಾತಂಕವಾಗಿ ದುಡಿಯುತ್ತಿದ್ದಾರೆ ಎನ್ನುವುದೂ ನಿಜ. ಚೀನಾದಿಂದ ನೇಪಾಳ ಶಸ್ತ್ರಾಸ್ತ್ರ ತರಿಸಿಕೊಂಡದ್ದು ದೆಹಲಿಯನ್ನು ಕೆರಳಿಸಿತು. 1989ರ ಮಾರ್ಚ್‌ನಲ್ಲಿ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದಾಗ ಭಾರತ ಎರಡನ್ನು ಬಿಟ್ಟು ಉಳಿದ ಗಡಿದಾರಿಗಳನ್ನೆಲ್ಲ ಮುಚ್ಚಿತು. ಸೀಮೆಎಣ್ಣೆ ಸಿಗದೆ ಜನ ಸೌದೆಗಾಗಿ ಕಾಡು ಕಡಿದರು. 2015ರಲ್ಲಿ ಗಡಿಯಲ್ಲಿ ಮತ್ತೆ ಲಾರಿಗಳು ನಿಂತವು. ನೇಪಾಳದ ದಕ್ಷಿಣ ಬಯಲಿನ ಮಧೇಶಿಗಳ ಚಳವಳಿಯೇ ಕಾರಣವೆಂದು ಭಾರತ ಹೇಳಿದ್ದನ್ನು ಕಠ್ಮಂಡು ನಂಬಲಿಲ್ಲ. ಮರುವರ್ಷವೇ ಅದು ಚೀನಾದೊಂದಿಗೆ ಸಾಗಣೆ ಒಪ್ಪಂದ ಮಾಡಿಕೊಂಡಿತು. ಬಿಗಿ ಹಿಡಿದಷ್ಟೂ ಕೈತಪ್ಪುವ ಈ ಪಾಠವನ್ನು ದೆಹಲಿ ಎರಡು ಸಲ ದುಡ್ಡು ಕೊಟ್ಟು ಕಲಿತಂತಾಯಿತು.

ಶ್ರೀಲಂಕಾದಲ್ಲಿ ತೆತ್ತದ್ದು ಪ್ರಾಣಗಳನ್ನು. 1987ರ ಜೂನ್ 4ರಂದು ಬೆಂಗಳೂರಿನಿಂದ ಹೊರಟ ಎಎನ್-32 ವಿಮಾನಗಳು ಕೊಲಂಬೊದ ವಿರೋಧ ಲೆಕ್ಕಿಸದೆ, ತಮಿಳು ಬಂಡುಕೋರರ ವಿರುದ್ಧ ಲಂಕಾ ಸೇನೆ ಮುತ್ತಿಗೆ ಹಾಕಿದ್ದ ಜಾಫ್ನಾದ ಮೇಲೆ ಆಹಾರ ಸಾಮಗ್ರಿ ಬೀಳಿಸಿದವು. ಜುಲೈನಲ್ಲಿ ಎರಡೂ ದೇಶಗಳ ನಡುವೆ ಒಪ್ಪಂದವಾಗಿ ಭಾರತದ ಶಾಂತಿಪಾಲನಾ ಪಡೆ ಅಲ್ಲಿಗೆ ಹೋಗಿ ಆ ಬಂಡುಕೋರರೊಂದಿಗೇ ಕಾದಾಟಕ್ಕಿಳಿಯಿತು. 1990ರಲ್ಲಿ ಅದು ಮರಳುವ ಹೊತ್ತಿಗೆ ಸುಮಾರು 1,200 ಯೋಧರು ಸತ್ತಿದ್ದರು.

1996ರಲ್ಲಿ ಎಚ್.ಡಿ. ದೇವೇಗೌಡರ ಸರ್ಕಾರದ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್, ಚಿಕ್ಕ ನೆರೆಯವರಿಂದ ಪ್ರತಿಫಲ ಕೇಳದೆ ನೆರವಾಗಬೇಕೆಂಬ ಸೂತ್ರ ಮುಂದಿಟ್ಟರು. ಆ ಡಿಸೆಂಬರ್ 12ರಂದು ದೇವೇಗೌಡ ಮತ್ತು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ 30 ವರ್ಷಗಳ ಗಂಗಾ ಜಲ ಒಪ್ಪಂದಕ್ಕೆ ಸಹಿ ಹಾಕಿದರು. ಕಾವೇರಿ ಜಗಳದಲ್ಲಿ ಪಳಗಿದ ಗೌಡರಿಗೆ ನೀರು ಹಂಚುವ ಕಷ್ಟ ಹೇಳಿಕೊಡಬೇಕಿರಲಿಲ್ಲ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಒಪ್ಪಿದ್ದರಿಂದಲೇ ಇದು ಸಾಧ್ಯವಾಯಿತು. 2011ರಲ್ಲಿ ಅದೇ ರಾಜ್ಯದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಒಪ್ಪದಿದ್ದುದರಿಂದ, ಪ್ರಧಾನಿ ಮನಮೋಹನ್ ಸಿಂಗ್ ಢಾಕಾಕ್ಕೆ ಹೋದರೂ ತೀಸ್ತಾ ನದಿನೀರಿನ ಒಪ್ಪಂದಕ್ಕೆ ಸಹಿ ಬೀಳಲಿಲ್ಲ.